ಹಳದಿ ಪೋಲಕ

ಬೊಬ್ರುವಾಡದ ದುರ್ಗಾ ಅಂಕೋಲೆಯ ಪೇಟೆಯಲ್ಲಿ ಹೊಲಿಗೆಯಂತ್ರ ತುಳಿಯುತ್ತಲೇ ತಲೆ ನರೆಸಿಕೊಂಡವಳು. ಅವಳು ಮೊಟ್ಟಮೊದಲು ತಪ್ಪಿಲ್ಲದೆ ಹೊಲಿದದ್ದು ತಂಗಿ ಜಾನಕಿಯ ಹಳದಿ ಪೋಲಕವನ್ನು. ಬುಗ್ಗೆ ತೋಳು, ದುಂಡು ಕಾಲರು, ಜಾನಕಿಯೇ ಕಾರವಾರದಲ್ಲಿ ಹುಡುಕಿ ತಂದ ಚಿಪ್ಪಿನ ಗುಂಡಿಗಳು. ಆ ತಂಗಿ ಹೆಣ್ಣುಮಗುವೊಂದನ್ನು ಅಕ್ಕನ ಮಡಿಲಿಗೆ ಹಾಕಿ ಕಾಮಾಲೆಯಲ್ಲಿ ತೀರಿಕೊಂಡಳು. ಮಗುವಿನ ತಂದೆ ದೇವಾನಂದ ಕಾರವಾರದಲ್ಲಿ ನೌಕರಿಯಲ್ಲಿದ್ದ. ಭಾನುವಾರಗಳಲ್ಲಿ ಬಂದು ಹೋಗುತ್ತಿದ್ದ. ನಾಗಶ್ರೀಯನ್ನು ಬೆಳೆಸಿದವಳು ದುರ್ಗಾ.

ಜಾನಕಿಯ ಬಟ್ಟೆಗಳು ಟ್ರಂಕಿನಲ್ಲಿ ಉಳಿದವು. ಆದರೆ ಕರಾವಳಿಯ ಆಷಾಢದಲ್ಲಿ ಮುಚ್ಚಿಟ್ಟ ಅರಿವೆ ತಾನಾಗಿ ಉಳಿಯುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಪ್ರತಿ ಮಳೆಗಾಲದಲ್ಲಿ ದುರ್ಗಾ ತೆಂಗಿನ ಗರಟೆಯ ಕೆಂಡದ ಮೇಲೆ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ, ಚಿಟಿಕೆ ಧೂಪ ಉದುರಿಸಿ, ಒಂದೊಂದನ್ನೇ ಹರಡಿ ಬೆಚ್ಚಗೆ ಮಾಡಿ ಮಡಚಿಡುತ್ತಿದ್ದಳು. ಹಸುಗೂಸಿನ ಬಟ್ಟೆಗೆ ಮಾಡುವ ಉಪಚಾರವನ್ನು ಸತ್ತವಳ ಬಟ್ಟೆಗೆ ಮಾಡುತ್ತಾಳೆಂದು ನೆರೆಯ ಹೊನ್ನಿ ಮೊದಮೊದಲು ಬೈದಳು. ಆಮೇಲೆ ತಾನೇ ಗರಟೆ ತಂದುಕೊಡತೊಡಗಿದಳು.

೨೦೦೬ರಲ್ಲಿ ನಾಗಶ್ರೀಗೆ ಕಡಲ ಜೀವಿಗಳ ಕುರಿತು ಓದಲು ಸ್ಕಾಟ್ಲೆಂಡಿನಲ್ಲಿ ಸೀಟು ಸಿಕ್ಕಿತು. ವರ್ಷವಿಡೀ ಮಳೆ ಸುರಿಯುವ ಊರಂತೆ. ಹೊರಡುವ ಮುನ್ನಾದಿನ ಅವಳು ಟ್ರಂಕು ತೆರೆದು ಕುಳಿತಳು.

"ಮಾವಶಿ, ಆಯಿಯ ಬಟ್ಟೆ ಎಲ್ಲಾ ತಕಂಡೇ ಹೋಗ್ತೆ. ಹಳೇ ನಮೂನಿ ಅಂದ್ರೆ ಅಲ್ಲಿಯವ್ರು ಜೀವ ಬಿಡ್ತಾರೆ."

"ಹೌದೇ, ನಿನ್ನ ಕಂಡ್ರೆ ನಮ್ಮ ಕಾಲದ ಟಾಕೀಸು ಮತ್ತೆ ಸುರು ಆಯ್ತು ಅಂತಾರೆ ನೋಡು" ಎಂದಳು ಹೊನ್ನಿ.

ದುರ್ಗಾ ನಗಲಿಲ್ಲ. ಒಂದೊಂದೇ ಬಟ್ಟೆಯ ಪಕ್ಕದ ಹೊಲಿಗೆ ಬಿಚ್ಚಿ, ಅಂದು ಒಳಗೆ ಬಿಟ್ಟಿದ್ದ ಹೆಚ್ಚುವರಿ ಅರಿವೆಯಿಂದ ಸಡಿಲಿಸಿ ಕೊಡುತ್ತಿದ್ದಳು. ಹಳದಿ ಪೋಲಕವನ್ನು ಮಾತ್ರ ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದಳು. ಅದೊಂದಾದರೂ ಮನೆಯಲ್ಲಿರಲಿ ಎಂಬುದು ಅವಳ ಆಸೆ.

"ಅದು ಯಂತದು ಮಾವಶಿ? ಅದೂ ಕೊಡು."

ಹೊರಟು ನಿಂತವರಿಗೆ ಇಲ್ಲ ಎನ್ನಬಾರದು ಎಂದು ದುರ್ಗಾಳ ತಾಯಿ ಹೇಳುತ್ತಿದ್ದಳು. ದುರ್ಗಾ ಕೊಟ್ಟಳು. ಅದರ ಮಡಿಕೆಯಲ್ಲಿ ಒಂದು ಪೊಟ್ಟಣ ಧೂಪವನ್ನೂ ಇಟ್ಟಳು.

"ಅಯ್ಯೋ, ಅಲ್ಲಿ ಹೊಗೆ ಹಾಕೂಕೆ ಆಗೂದಿಲ್ಲ! ಕೋಣೆಲಿ ಹೊಗೆ ಎದ್ರೆ ಗಂಟೆ ಹೊಡ್ಕಂತದೆ, ಬೆಂಕಿ ಆರಿಸೋ ಗಾಡಿ ಬರ್ತದೆ."

"ಹಾಂಗಾದ್ರೆ ಬಟ್ಟೆಗೆ?"

"ಒಣಗ್ಸೂಕೆ ಮಶೀನ್ ಇರ್ತದೆ."

ದುರ್ಗಾ ಪೊಟ್ಟಣವನ್ನು ಹಿಂದಕ್ಕೆ ತೆಗೆದುಕೊಂಡಳು. ಮರುದಿನ ವಿಮಾನ ಹತ್ತಲು ಗೋವೆಗೆ ಹೊರಟ ನಾಗಶ್ರೀಯ ಕಾರಿನಲ್ಲಿ ಕಾಳಿ ನದಿಯ ಸೇತುವೆ ದಾಟಿ ಸದಾಶಿವಗಡದವರೆಗೆ ಹೋಗಿ, ಇಳಿದು, ಬಸ್ಸು ಹಿಡಿದು ಮರಳಿದಳು.

ಮರುವರ್ಷ ಮೃಗಶಿರಾ ಮಳೆ ಹಿಡಿದ ದಿನ ನಾಗಶ್ರೀಯ ಫೋನು ಬಂತು. ಓದು, ಊಟ, ಚಳಿ ಎಲ್ಲವನ್ನೂ ಹೇಳಿದ ಮೇಲೆ ಅವಳ ದನಿ ಸಣ್ಣದಾಯಿತು.

"ಮಾವಶಿ, ಆ ಹಳದಿ ಪೋಲಕ ಇತ್ತಲ್ಲ, ಕಪಾಟಲ್ಲೇ ಬೂಷ್ಟು ಹಿಡೀತು. ಎಷ್ಟು ತೊಳ್ದ್ರೂ ಕಲೆ ಹೋಗ್ಲಿಲ್ಲ. ಬಿಸಾಕ್ದೆ."

ಹೊಲಿಗೆಯವರ ಮನೆಯಲ್ಲಿ ಎಂಥ ಹರಕು ಬಟ್ಟೆಯೂ ಗುಂಡಿ ಕಳಚದೆ ಹೊರಗೆ ಬೀಳುವುದಿಲ್ಲ. ಗುಂಡಿಯ ಡಬ್ಬಿಯನ್ನೇ ಗಿಲಕಿಯಾಗಿ ಆಡಿಸಿ ಬೆಳೆದ ಹುಡುಗಿ ಅವಳು.

"ಗುಂಡಿ ಕಿತ್ತು ಇಟ್ಕಂಡ್ಯೇನೆ?" ಎಂದು ಕೇಳಿದಳು ದುರ್ಗಾ.



"ಇಲ್ಲ ಮಾವಶಿ. ನೆನಪೇ ಆಗ್ಲಿಲ್ಲ."

"ಆಯ್ತು ಬಿಡು. ಹಳೇದಾಗಿತ್ತು. ನೀ ಮಳೇಲಿ ತಲೆ ನೆನ್ಸ್ಕಬೇಡ."

ಫೋನು ಇಟ್ಟು, ದುರ್ಗಾ ಗರಟೆ ಹೊತ್ತಿಸಿ ಕೆಂಡ ಮಾಡಿದಳು. ಬುಟ್ಟಿ ಬೋರಲು ಹಾಕಿ ಧೂಪ ಉದುರಿಸಿದಳು. ರೂಢಿಯಂತೆ ಟ್ರಂಕಿಗೆ ಕೈ ಹಾಕಿದ ಮೇಲೆಯೇ ಅದು ಖಾಲಿಯೆಂಬುದು ನೆನಪಾಯಿತು. ಅಷ್ಟರಲ್ಲಿ ಹೊನ್ನಿ ಮೊಮ್ಮಗನ ಹಸಿ ಅಂಗಿ ಹಿಡಿದು ಬಂದಳು.

"ನಿನ್ನ ಕೆಂಡ ಸುಮ್ನೆ ಹೋಗ್ತದಲ್ಲೇ, ಇದ್ನಾದ್ರೂ ಒಣಗ್ಸು."

ದುರ್ಗಾ ಅಂಗಿಯನ್ನು ಬುಟ್ಟಿಯ ಮೇಲೆ ಹರಡಿದಳು. ಅದರ ಒಂದು ಗುಂಡಿ ಸಡಿಲವಾಗಿತ್ತು. ಸೂಜಿ ತರುತ್ತೇನೆಂದು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.