ಬೀಗದವನ ಮಾತ್ರೆ ಡಬ್ಬಿ

ವಾರ್ಡಿನಲ್ಲಿ ಅವಳನ್ನು ಯಾರೂ ಡಾಕ್ಟರ್ ಎನ್ನುತ್ತಿರಲಿಲ್ಲ. ನರ್ಸಿನಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರ ಬಾಯಲ್ಲೂ ಟೀಚರಮ್ಮ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ಮಾಡಿ ಗಂಟಲು ಹರಿದುಕೊಂಡು, ಮಗಳು ಕಾಲೇಜಿಗೆ ಹೋಗುವ ಹೊತ್ತಿಗೆ ತಾನೂ ಮೆಡಿಕಲ್ ಸೇರಿದವಳು. "ಹೆಣ ಕುಯ್ಯೋ ವಯಸ್ಸೇನ್ರೀ ಇದು?" ಎಂದು ಹೆಡ್‌ಮಾಸ್ಟರ್ ಹಲ್ಲು ಕಿರಿದಿದ್ದ. ಲ್ಯಾಬಿನ ಬೀಗದ ಕೈ ಜೇಬಿನಲ್ಲೇ ಇಟ್ಟುಕೊಂಡು, ಒಂದು ಗಾಜಿನ ನಳಿಕೆಯನ್ನೂ ಮಕ್ಕಳ ಕೈಗೆ ಕೊಡದ ಮಹಾನುಭಾವ! ಅತ್ತೆ ಅವನಿಗಿಂತ ಒಂದು ಕೈ ಮೇಲು. "ಮೊಮ್ಮಗಳನ್ನ ನೋಡೋಕೆ ಬಂದೋರಿಗೆ, ಹುಡುಗಿ ಅಮ್ಮ ಇನ್ನೂ ಓದ್ತಿದ್ದಾಳೆ ಅನ್ಲಾ?" ಟೀಚರಮ್ಮ ಇಬ್ಬರಿಗೂ ಸೊಪ್ಪು ಹಾಕಲಿಲ್ಲ.

ಓದು ಮುಗಿದು ಈಗ ವಾರ್ಡಿನ ತರಬೇತಿಯ ಕೊನೆಯ ಪೋಸ್ಟಿಂಗ್. ದೊಡ್ಡ ಡಾಕ್ಟರ್ ಸಹಿ ಹಾಕಿದರೆ ಗೆದ್ದಳು. ಇಲ್ಲದಿದ್ದರೆ ಇದೇ ವಾರ್ಡಿನಲ್ಲಿ ಮತ್ತೆ ಮೊದಲಿನಿಂದ ಬೆವರು ಸುರಿಸಬೇಕು. ಆ ಆಸಾಮಿಯೋ ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು, ಗತ್ತಿಗೇನೂ ಕಡಿಮೆಯಿಲ್ಲ. ರೋಗಿಯ ಮುಖ ನೋಡದೆ ಕೇಸ್ ಶೀಟಿನ ಜೊತೆ ಮಾತಾಡುವ ಗಿರಾಕಿ. ಮೊದಮೊದಲು ಟೀಚರಮ್ಮ ಔಷಧಿ ತೆಗೆದುಕೊಳ್ಳುವ ಬಗೆ ಹೇಳಿಕೊಟ್ಟು, ಅದನ್ನು ರೋಗಿಗಳಿಂದಲೇ ಮಾಡಿಸಿ ನೋಡುತ್ತಿದ್ದಳು. "ಅರ್ಥ ಆಯ್ತಾ?" ಎಂದರೆ ಇಡೀ ಕ್ಲಾಸು "ಆಯ್ತು ಮಿಸ್" ಎಂದು ಕೂಗುತ್ತದೆ, ಹಿಂದಿನ ಬೆಂಚಿನವನನ್ನು ಬೋರ್ಡಿನ ಮುಂದೆ ನಿಲ್ಲಿಸಿದರೆ ಬಣ್ಣ ಬಯಲಾಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದು ದಿನ ಅದನ್ನು ಕಂಡ ದೊಡ್ಡ ಡಾಕ್ಟರ್ ಎಲ್ಲರೆದುರು ನಕ್ಕುಬಿಟ್ಟ. "ಏನ್ ಟೀಚರಮ್ಮ, ಹೋಮ್‌ವರ್ಕೂ ಕೊಡ್ತೀರಾ? ಹೇಳಿ, ಅರ್ಥ ಆಯ್ತಾ ಅನ್ನಿ, ಮುಂದೆ ಹೋಗ್ತಾ ಇರಿ." ಅವತ್ತಿನಿಂದ ಅವಳೂ ಹಾಗೇ ಮಾಡಿದಳು. ಥೂ, ಡಾಕ್ಟರಂತೆ ಕಾಣಬೇಕೆಂಬ ಚಪಲ!

ಅವಳೇ ಔಷಧಿ ವಿವರಿಸಿ ಕಳಿಸಿದ್ದ ಬೀಗ ರಿಪೇರಿಯವನೊಬ್ಬ ಉಬ್ಬಸ ಇಳಿದು ಮನೆಗೆ ಹೋಗಿ ವಾರವೂ ಆಗಿರಲಿಲ್ಲ, ಮತ್ತೆ ಏದುಸಿರು ಬಿಡುತ್ತ ಬಂದು ಬಿದ್ದ. ಮಾಸ್ಕ್ ಹಾಕಿ ಔಷಧಿ ಕೊಟ್ಟು, ಉಸಿರು ಹದಕ್ಕೆ ಬಂದ ಮೇಲೆ ಟೀಚರಮ್ಮ ಗದರಿದಳು.

"ಔಷಧಿ ಬಿಟ್ಟುಬಿಟ್ರಾ?"

"ಅಯ್ಯೋ, ಒಂದು ಹೊತ್ತೂ ತಪ್ಪಿಸಿಲ್ಲ ತಾಯಿ. ನೀರಿನ ಜೊತೆ ನುಂಗಿದೀನಿ."

"ನುಂಗಿದ್ರಾ? ಅದು ಉಸಿರಲ್ಲಿ ಎಳ್ಕೊಳ್ಳೋ ಪುಡಿ ಕಣ್ರೀ! ಕ್ಯಾಪ್ಸೂಲ್ ಹಾಕಿ ತಿರುಗಿಸಿ ಎಳ್ಕೊಳ್ಳೋಕೆ ಅಂತ ಪ್ಲಾಸ್ಟಿಕ್ಕಿಂದು ಕೊಟ್ಟಿದ್ನಲ್ಲ, ಅದೆಲ್ಲಿ?"

ಅವನು ಜೇಬಿನಿಂದ ತೆಗೆದು ತೋರಿಸಿದ. "ಇದಾ? ಮಾತ್ರೆ ಇಟ್ಕೊಳ್ಳೋ ಡಬ್ಬಿ ಅಲ್ವಾ? ಚೆನ್ನಾಗಿದೆ."

ಎಂಥ ದಡ್ಡ ಎಂದು ಟೀಚರಮ್ಮನ ಮೈ ಉರಿಯಿತು. ಶ್ವಾಸಕೋಶದ ಚಿತ್ರ ಬರೆದು ಅಷ್ಟು ಚೆಂದ ವಿವರಿಸಿದ್ದಳು, "ಆಯ್ತು ತಾಯಿ" ಎಂದು ತಲೆಯಾಡಿಸಿದ್ದ. ಆಮೇಲೆ ಅವನ ಬೆರಳು ನೋಡಿದಳು. ಎಂಥ ಬೀಗವನ್ನೂ ಒಂದು ತಂತಿ ತೂರಿಸಿ ತೆಗೆಯುವ ಬೆರಳು. ಆ ಕೈಗೆ ಒಂದೇ ಒಂದು ಸಲ ಅದನ್ನು ಕೊಟ್ಟು, ಮಾಡು ನೋಡೋಣ ಎಂದಿದ್ದರೆ ಸಾಕಿತ್ತು. ಲ್ಯಾಬಿಗೆ ಬೀಗ ಜಡಿದುಕೊಂಡು ಕೂತ ಆ ಹೆಡ್‌ಮಾಸ್ಟರಿಗೂ ತನಗೂ ಏನು ವ್ಯತ್ಯಾಸ? ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಷ್ಟರಲ್ಲಿ ದೊಡ್ಡ ಡಾಕ್ಟರ್ ರೌಂಡ್ಸಿಗೆ ಬಂದ. ಸಹಿ ಹಾಕುವ ದಿನವೂ ಅದೇ. ಕೇಸ್ ಶೀಟ್ ನೋಡಿ, "ಔಷಧಿ ಕೆಲಸ ಮಾಡ್ತಿಲ್ಲ. ಡೋಸ್ ಹೆಚ್ಚಿಸಿ," ಎಂದ.

ಹೂಂ ಎಂದಿದ್ದರೆ ಅವಳ ಕೆಲಸ ಮುಗಿಯುತ್ತಿತ್ತು.

"ಡೋಸ್ ಅಲ್ಲ ಸರ್. ಇವರು ಕ್ಯಾಪ್ಸೂಲ್ ನುಂಗಿದಾರೆ."

"ಇಂಥ ಪೆದ್ದರನ್ನ ಕಟ್ಕೊಂಡು..."

"ಪೆದ್ದು ಇವರಲ್ಲ. ನಾನು ಮಾಡಿಸಿ ನೋಡ್ಲಿಲ್ಲ. ನೀವು ಬೇಡ ಅಂದ್ರಿ, ನಾನೂ ನಿಮ್ಮ ಮಾತು ಕೇಳ್ದೆ."

ದೊಡ್ಡ ಡಾಕ್ಟರ್ ಪೆನ್ನನ್ನು ಜೇಬಿಗೆ ಸಿಕ್ಕಿಸಿದ. "ಹಾಗಾದ್ರೆ ಸಹಿ ಆಸೆ ಬಿಡಿ. ಪೋಸ್ಟಿಂಗ್ ಮತ್ತೆ ಮಾಡಿ, ಇಲ್ಲಾ ಸ್ಕೂಲಿಗೇ ಹೋಗಿ," ಎಂದು ಪಕ್ಕದ ಹಾಸಿಗೆಗೆ ನಡೆದ.

ಟೀಚರಮ್ಮ ಸ್ಟೂಲ್ ಎಳೆದುಕೊಂಡು ಕೂತು, 'ಡಬ್ಬಿ'ಯನ್ನು ಬೀಗದವನ ಕೈಗೆ ಕೊಟ್ಟು, ಹೇಗೆಂದು ತೋರಿಸಿ, "ಈಗ ನೀವು ಮಾಡಿ," ಎಂದಳು. ಅವನು ಕ್ಯಾಪ್ಸೂಲ್ ಸಿಕ್ಕಿಸಿ, ತಿರುಗಿಸಿ, ಉದ್ದಕ್ಕೆ ಉಸಿರೆಳೆದ. ಒಳಗೆ ಗಿರ್ರೆಂದಿತು.

"ಓಹೋ, ಇಷ್ಟೇನಾ!" ಎಂದ ಬೀಗದವನು.

ಪಕ್ಕದ ಹಾಸಿಗೆಯಲ್ಲಿ ದೊಡ್ಡ ಡಾಕ್ಟರ್ ಗಡಿಬಿಡಿಯಲ್ಲಿ ಏನೇನೋ ಒದರಿ, "ಅರ್ಥ ಆಯ್ತಾ?" ಎಂದ.

"ಆಯ್ತು ಡಾಕ್ಟ್ರೇ," ಎಂದ ಅಲ್ಲಿದ್ದ ಮುದುಕ.

ಟೀಚರಮ್ಮ ತಲೆಯೆತ್ತದೆ ಹೇಳಿದಳು, "ಮುಂದಿನ ಸರದಿ ನಿಮ್ದು ಅಜ್ಜಾ."