ಕರಿಯಣ್ಣನವರ ಕಿರೀಟ

ಬೆಳಗಿನ ಆರು ಗಂಟೆ. ಮಲವಗೊಪ್ಪದ ಮನೆಯ ಮೂಡಣ ಕಿಟಕಿಯ ಕೆಳಗೆ ಈಶ್ವರಮ್ಮ ಕಸೂತಿಯ ಚೌಕಟ್ಟು ಹಿಡಿದು ಕೂತಾಗಿದೆ. ಕಪ್ಪು ಉಣ್ಣೆಯ ಬನಾತಿನ ಮೇಲೆ ಅಶೋಕ ಸ್ತಂಭದ ಸಿಂಹಕ್ಕೆ ಜರಿಯ ಮೀಸೆ ಮೂಡುತ್ತಿದೆ. ಕಾಫಿ ಲೋಟಕ್ಕೆ ಮಾರು ದೂರದಲ್ಲಿ ಜಾಗ. "ಬಿಸಿಲೇರಿದ್ರೆ ಕೈ ಬೆವರುತ್ತೆ. ಬೆವರು ತಾಗಿದ್ರೆ ಜರಿ ಕಪ್ಪಾಗುತ್ತೆ ಕಣ್ರೀ. ಹತ್ತು ಗಂಟೆ ಮೇಲೆ ನಾನು ಸೂಜಿ ಮುಟ್ಟೋದೇ ಇಲ್ಲ."

ಐವತ್ತೊಂಬತ್ತರ ಈಶ್ವರಮ್ಮ ಮಾಜಿ ಸೈನಿಕರ ಕೋಟಿನ ಜೇಬಿಗೆ ರೆಜಿಮೆಂಟಿನ ಲಾಂಛನ ಹೊಲಿಯುತ್ತಾರೆ. ಗಂಡನ ಕಾರ್ಖಾನೆ ಕೆಲಸ ಹೋದ ವರ್ಷ ಭದ್ರಾವತಿಯ ಟೈಲರೊಬ್ಬರ ಹತ್ತಿರ ಕಲಿತ ವಿದ್ಯೆ. ಒಂದು ಲಾಂಛನಕ್ಕೆ ಮೂರು ಬೆಳಗು, ತಿಂಗಳಿಗೆ ಎಂಟೋ ಒಂಬತ್ತೋ. ಆಗಸ್ಟ್ ಹದಿನೈದರಂದು ಸುತ್ತಮುತ್ತಲ ಊರುಗಳಲ್ಲಿ ಧ್ವಜಕ್ಕೆ ಸೆಲ್ಯೂಟ್ ಹೊಡೆಯುವ ಎಷ್ಟೋ ಜನರ ಎದೆಯ ಮೇಲೆ ಇವರ ಕೈಕೆಲಸ ಇರುತ್ತದೆ. ಹೊಲಿದವರು ಯಾರೆಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ.

ಕೇಳಿದವರು ಒಬ್ಬರೇ, ಅದೂ ಸಿಟ್ಟಿನಿಂದ. ಹತ್ತು ವರ್ಷದ ಹಿಂದೆ ದುರ್ಗಿಗುಡಿಯ ಪುಷ್ಪಮ್ಮ ತಮ್ಮ ಮಾವನ ಹಳೆಯ ಲಾಂಛನವನ್ನು ರಿಪೇರಿಗೆ ತಂದಿದ್ದರು. ಮಾವ ಕರಿಯಣ್ಣನವರು ಎರಡನೇ ಮಹಾಯುದ್ಧಕ್ಕೆ ಹೋಗಿಬಂದವರು. ಲಾಂಛನದ ನೆತ್ತಿಯಲ್ಲಿ ಇಂಗ್ಲೆಂಡ್ ರಾಜನ ಕಿರೀಟವಿತ್ತು. ಗಣರಾಜ್ಯವಾದ ಮೇಲೆ ಆ ಜಾಗಕ್ಕೆ ಸಿಂಹಗಳು ಬಂದದ್ದು ಈಶ್ವರಮ್ಮನಿಗೆ ಗೊತ್ತಿತ್ತು. ಪರದೇಶದ ದೊರೆಯ ಕಿರೀಟ ಈಗ ಯಾಕೆ ಎಂದು ಅದನ್ನು ಬಿಚ್ಚಿ ಬಿಸಾಡಿ, ಸಿಂಹಗಳನ್ನು ಮುದ್ದಾಗಿ ಕೂರಿಸಿದರು. ತಾವೇ ಮೆಚ್ಚಿಕೊಂಡು, ಒಯ್ದು ಹಿರಿಯರ ಕೈಗಿಟ್ಟರು.

ತೊಂಬತ್ತು ದಾಟಿದ ಕರಿಯಣ್ಣನವರಿಗೆ ಕಣ್ಣು ಕಾಣುತ್ತಿರಲಿಲ್ಲ. ಬೆರಳಾಡಿಸಿ, "ಇದು ನಂದಲ್ಲ. ಯಾರು ಹೊಲ್ದಿದ್ದು?" ಎಂದರು. ಈಶ್ವರಮ್ಮ ಹೆದರುತ್ತಲೇ ವಿವರಿಸಿದರು.

"ಸಿಂಹಕ್ಕೂ ಸೆಲ್ಯೂಟ್ ಹೊಡ್ದಿದೀನಿ ಮಾರಾಯ್ತಿ. ಆದ್ರೆ ನನ್ ಜೊತೆ ಸೇರಿದ್ದ ದೇವರಾಜ ಬರ್ಮಾದಲ್ಲಿ ಸತ್ತಾಗ ಅವನ ಟೋಪಿ ಮೇಲಿದ್ದಿದ್ದು ಕಿರೀಟ. ಅವನು ಸಿಂಹ ನೋಡ್ಲೇ ಇಲ್ವಲ್ಲ."

ಈಶ್ವರಮ್ಮ ನಾಚಿಕೆಯಿಂದ ಹಿಡಿಯಾದರು. ನಕ್ಷೆ ತೆಗೆದಿಟ್ಟಿರಲಿಲ್ಲ, ಬಿಚ್ಚಿದ ಎಳೆಯೂ ಕಸಕ್ಕೆ ಹೋಗಿತ್ತು. ಉಳಿದಿದ್ದು ಆ ಹಿರಿಯರ ಬೆರಳಿನ ನೆನಪೊಂದೇ. ಹೊಲಿದು ಒಯ್ಯುವುದು, ಅವರು ಸವರಿ ತಲೆಯಾಡಿಸುವುದು, ಮತ್ತೆ ಬಿಚ್ಚುವುದು. ಒಮ್ಮೆ ಕಮಾನು ಚಪ್ಪಟೆಯಾಗಿತ್ತು, ಇನ್ನೊಮ್ಮೆ ಎಡಗಡೆ ಮಣಿ ಕಮ್ಮಿ. ನಾಲ್ಕನೇ ಸಲ ಬೆರಳು ಕಿರೀಟದ ಮೇಲೆಯೇ ನಿಂತುಬಿಟ್ಟಿತು. ಅವರು ಸೊಸೆಯನ್ನು ಕರೆದು ಕೋಟು ತರಿಸಿದರು.

ಅಂದಿನಿಂದ ಈಶ್ವರಮ್ಮ ಬಟರ್ ಪೇಪರಿನಲ್ಲಿ ನಕಲು ತೆಗೆಯದೆ ಹಳೆಯದರ ಒಂದೆಳೆಯನ್ನೂ ಬಿಚ್ಚುವುದಿಲ್ಲ. ಟ್ರಂಕಿನಲ್ಲಿ ಅಂಥ ಹಾಳೆಗಳು ನಲವತ್ತರ ಮೇಲಿವೆ. ಎಲ್ಲಕ್ಕಿಂತ ಮೇಲಿನದು ಕರಿಯಣ್ಣನವರ ಕಿರೀಟ.

ಸಿಂಹದ ಮೀಸೆ ಮುಗಿಯುತ್ತದೆ. "ಮುಂದೊಂದಿನ ಇದನ್ನೂ ಯಾರಾದ್ರೂ ಬಿಚ್ಚಬಹುದು," ದಾರ ಕತ್ತರಿಸುತ್ತಾ ಈಶ್ವರಮ್ಮ ಹೇಳುತ್ತಾರೆ. "ಬಿಚ್ಲಿ. ಹಾಕ್ಕೊಂಡೋರನ್ನ ಮಾತ್ರ ಒಂದ್ಮಾತು ಕೇಳ್ಲಿ."