ಬಿಡಿ ಅನ್ನದೆ ಕೂರಿಸಿದ ಗಾಜು

'ಬಿಡಿ' ಎಂಬ ಮಾತಿಲ್ಲದೆ ನನ್ನ ಚಿಕ್ಕಪ್ಪನ ಒಂದು ವಾಕ್ಯವೂ ಮುಗಿಯುತ್ತಿರಲಿಲ್ಲ. ಊಟ ರುಚಿಯಾಗಿದ್ದರೆ 'ಚೆನ್ನಾಗಿದೆ ಬಿಡಿ', ಬಸ್ಸು ಬಂದರೆ 'ಬಂತು ಬಿಡಿ', ಯಾರಾದರೂ ತೀರಿಕೊಂಡರೆ 'ಹೋದರು ಬಿಡಿ'. ಮದುವೆಯ ಮಾತುಕತೆಯಲ್ಲಿ ಹುಡುಗಿ ಒಪ್ಪಿಗೆಯೇ ಎಂದು ಕೇಳಿದ್ದಕ್ಕೆ 'ಒಪ್ಪಿಗೆ ಬಿಡಿ' ಎಂದರಂತೆ. ಅದನ್ನು ಕೇಳಿದ ಹುಡುಗಿಯ ಅಣ್ಣ, ಇವರಿಗೆ ಬೇಡವಂತೆ ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡರಂತೆ. ಚಿಕ್ಕಮ್ಮ ಒಳಗಿನಿಂದ ಓಡಿಬಂದು ಅಣ್ಣನ ತೋಳು ಹಿಡಿದು ಮತ್ತೆ ಕೂರಿಸಿದಳಂತೆ. ಅವಳಿಗೆ ಆಗಲೇ ಈ ಭಾಷೆ ಅರ್ಥವಾಗಿತ್ತು.

ಆ ಅಣ್ಣನೇ ನಮ್ಮ ಲಿಫ್ಟ್ ಮಾವ. ಏಳಂತಸ್ತಿನ ಕಚೇರಿಯೊಂದರಲ್ಲಿ ಲಿಫ್ಟ್ ನಡೆಸಿ ನಿವೃತ್ತರಾದವರು. ಮೂರು ಅಂದರೆ ಮೂರಕ್ಕೆ, ಐದು ಅಂದರೆ ಐದಕ್ಕೆ. ಹತ್ತಿದವರು ಬಾಯಿ ಬಿಡದಿದ್ದರೆ ಲಿಫ್ಟ್ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು ಅವರ ಹೆಮ್ಮೆ, ಉಳಿದವರ ಗ್ರಹಚಾರ.

ಚಿಕ್ಕಪ್ಪನ ಕಸುಬು ಹಲ್ಲಿನ ಸೆಟ್ ಮಾಡುವುದು. ದಂತವೈದ್ಯರು ಕಳಿಸಿದ ಅಚ್ಚುಗಳನ್ನು ಹಿಂದಿನ ಕೋಣೆಯ ಮೇಜಿನ ಮೇಲೆ ಸಾಲಾಗಿಟ್ಟುಕೊಂಡು, ಊರಿನ ಅರ್ಧ ಜನರ ನಗುವನ್ನು ಚಿಕ್ಕ ಅರದಿಂದ ತೀಡುತ್ತಿದ್ದರು. ಇಂಥ ಮನುಷ್ಯನಿಗೆ ತಲೆ ನರೆತ ಮೇಲೆ ಹಳೆಯ ಸ್ಪೋರ್ಟ್ಸ್ ಕಾರಿನ ಹುಚ್ಚು ಹಿಡಿಯಿತು. ಇಬ್ಬರೇ ಕೂರಬಹುದಾದ, ನೆಲಕ್ಕೆ ಹೊಟ್ಟೆ ತಾಗುವಂಥ ಆ ಗಾಡಿ ಮನೆಗೆ ಬಂದಾಗ ಅದರಲ್ಲಿ ತುಕ್ಕು ಬಿಟ್ಟು ಬೇರೇನೂ ಇರಲಿಲ್ಲ. ತುಕ್ಕು ಕೆರೆದರು, ಇಂಜಿನ್ ಬಿಚ್ಚಿ ಕಟ್ಟಿದರು, ಹಲ್ಲು ತೀಡುವ ಅರದಲ್ಲೇ ಬಾಗಿಲಿನ ಸಂದು ತೀಡಿದರು. ಕೆಂಪು ಬಣ್ಣ ಹೊಡೆದ ದಿನ ನನಗಂತೂ ಹೊಟ್ಟೆಕಿಚ್ಚಾಯಿತು. ಮುಂದಿನ ಗಾಜೊಂದು ಕೂತರೆ ಮುಗಿಯಿತು ಎನ್ನುವ ಹಂತಕ್ಕೆ ಬಂದಿತ್ತು.

ಗಾಜೂ ಬಂತು. ಲಿಫ್ಟ್ ಮಾವ ಹೊರಗೆ ನಿಂತು ಅದನ್ನು ಚೌಕಟ್ಟಿಗೆ ಒತ್ತಿ ಹಿಡಿದರು. ಒಳಗೆ ಕೂತಿದ್ದ ಚಿಕ್ಕಪ್ಪ ಕಣ್ಣಳತೆಯಲ್ಲಿ ನೋಡಿ, ಖುಷಿ ತಡೆಯಲಾರದೆ, 'ಸರಿಯಾಗಿ ಕೂತಿದೆ ಬಿಡಿ' ಎಂದರು. ಮಾವ ಬಿಟ್ಟರು. ಗಾಜು ಬಾನೆಟ್ ಮೇಲೆ ಜಾರಿ ನೆಲಕ್ಕೆ ಬಿದ್ದು ಕಲ್ಲುಸಕ್ಕರೆಯ ರಾಶಿಯಾಯಿತು. ಬಿಡಿ ಅಂದರು, ಬಿಟ್ಟೆ ಎಂದು ಮಾವ. ಬಿಡಿ ಅಂದರೆ ಬಿಡುವುದೇ ಎಂದು ಚಿಕ್ಕಪ್ಪ. ಅಲ್ಲಿಗೆ ಇಬ್ಬರ ಮಾತು ನಿಂತಿತು, ಮಾವ ತಂಗಿಯ ಮನೆಯ ಹೊಸ್ತಿಲು ತುಳಿಯುವುದನ್ನೂ ನಿಲ್ಲಿಸಿದರು. ಗಾಜಿಗಾಗಿ ಚಿಕ್ಕಮ್ಮ ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಅಣ್ಣನಿಗಾಗಿ ಹಾಕಿದಳು, ಅದನ್ನು ನಾನೇ ನೋಡಿದ್ದೇನೆ.

ಇನ್ನೊಂದು ಗಾಜು ಹುಡುಕುವಷ್ಟರಲ್ಲಿ ಚಿಕ್ಕಪ್ಪ ಸೋತು ಸುಣ್ಣವಾದರು. ಇದೂ ಒಡೆದರೆ ಆ ಮಾದರಿಯದು ಭೂಮಿ ಮೇಲೆ ಇನ್ನೊಂದಿಲ್ಲ ಎಂದು ಮಾರಿದವನೇ ಹೇಳಿದ್ದ. ಚಿಕ್ಕಮ್ಮ ಆ ಗಾಜನ್ನು ಮಂಚದ ಕೆಳಗೆ ತಳ್ಳಿ ಮೇಲೆ ಕೂತುಬಿಟ್ಟಳು. ಹಿಡಿಯಲು ತನ್ನ ಅಣ್ಣನೇ ಬರಬೇಕು, ಇಲ್ಲದಿದ್ದರೆ ಗಾಜು ಇಲ್ಲೇ ಮಲಗಿರಲಿ ಎಂದಳು. ಅಣ್ಣ ಹೇಳಿಕಳಿಸಿದ್ದು ಒಂದೇ ಷರತ್ತು: ಕೆಲಸ ಮುಗಿಯುವತನಕ ಆ ಮಾತು ಕಿವಿಗೆ ಬೀಳಬಾರದು. ಚಿಕ್ಕಪ್ಪನಿಗೆ ತಿಳಿಸಿದೆವು.

"ಆಯ್ತು ಬಿಡಿ" ಅಂದರು.

ಇವರನ್ನು ನಂಬಿ ಪ್ರಯೋಜನವಿಲ್ಲ ಎಂದು ಚಿಕ್ಕಮ್ಮ ಹಿಂದಿನ ಕೋಣೆಗೆ ಹೋದಳು. ಹಲ್ಲಿನ ಅಚ್ಚು ತೆಗೆಯುವ ಪುಟ್ಟ ಹಿಡಿಯಿರುವ ತಟ್ಟೆಗೆ, ಬಿಸಿನೀರಲ್ಲಿ ಮೆತ್ತಗಾಗಿ ಬಾಯೊಳಗೆ ಗಟ್ಟಿಯಾಗುವ ಮೇಣವನ್ನು ಧಾರಾಳವಾಗಿ ತುಂಬಿ ತಂದು ಗಂಡನ ಬಾಯಿಗೆ ತುರುಕಿದಳು. ಚಿಕ್ಕಪ್ಪ ಕಚ್ಚಿಕೊಂಡು ಕಾರಿನೊಳಗೆ ಹೋಗಿ ಕೂತರು. ತುಟಿಗಳ ನಡುವೆ ಹಿಡಿ ಮಾತ್ರ ಕಾಣುತ್ತಿತ್ತು. ಲಿಫ್ಟ್ ಮಾವ ಬಂದರು, ಯಾರ ಮುಖವನ್ನೂ ನೋಡದೆ ಅಂಗಿಯ ತೋಳು ಮಡಚಿದರು.

ಗಾಜಿನ ಸುತ್ತ ರಬ್ಬರ್ ಪಟ್ಟಿ, ಪಟ್ಟಿಯ ಸಂದಿಯಲ್ಲಿ ಸುತ್ತಲೂ ಒಂದು ಹುರಿ. ಹುರಿಯ ತುದಿಗಳು ಕಾರಿನ ಒಳಗೆ. ಹೊರಗಿನವರು ಗಾಜು ಒತ್ತಬೇಕು, ಒಳಗಿನವರು ಹುರಿ ಎಳೆಯುತ್ತ ಬರಬೇಕು. ಎಳೆದ ಹಾಗೆಲ್ಲ ರಬ್ಬರಿನ ಅಂಚು ಚೌಕಟ್ಟಿನ ತಗಡನ್ನು ಹತ್ತಿ ಕೂರುತ್ತದೆ. ನಾನು ಸೋಪಿನ ನೀರು ಸವರಿದೆ, ಅರ್ಧ ನನ್ನ ಬಟ್ಟೆಗೇ ಸವರಿಕೊಂಡೆ. ಚಿಕ್ಕಪ್ಪ ಎಳೆದರು, ಮಾವ ಒತ್ತಿದರು. ಮೇಲಿನ ಮೂಲೆಯಲ್ಲಿ ರಬ್ಬರ್ ಹಟ ಹಿಡಿದಾಗ ಚಿಕ್ಕಪ್ಪ ಹೂಂ ಹೂಂ ಎಂದು ಕಣ್ಣಲ್ಲೇ ಮೇಲೆ ತೋರಿಸಿದರು, ಮಾವ ಕೈ ಅಲ್ಲಿಗೆ ಸರಿಸಿದರು. ಇಷ್ಟು ವರ್ಷದಲ್ಲಿ ಅವರಿಬ್ಬರೂ ಒಬ್ಬರನ್ನೊಬ್ಬರು ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದು ಅದೇ ಮೊದಲು. ಹುರಿ ಪೂರ್ತಿ ಕೈಗೆ ಬಂತು, ಗಾಜು ಕೂತಿತು.

ಮಾವ ಮಾತ್ರ ಎರಡೂ ಅಂಗೈ ಒತ್ತಿಕೊಂಡು ನಿಂತೇ ಇದ್ದರು. ಕೈ ತೆಗಿ ಅಣ್ಣ ಎಂದು ಚಿಕ್ಕಮ್ಮ ಹೇಳಿದರೂ ಕೇಳಲಿಲ್ಲ.

"ಗಾಡಿ ಅವರದ್ದು. ಅವರೇ ಹೇಳ್ಲಿ."

ಆ ಮಾತು ಬೇಡವೆಂದು ಷರತ್ತು ಹಾಕಿದ್ದು ನೀವೇ ಅಲ್ಲವೇ ಎಂದು ನಾನು ರೇಗಿದೆ. ಹಾಕಿದ್ದು ಹೌದು, ಕೆಲಸ ಮುಗಿದಿದೆಯಲ್ಲ ಎಂದರು. ಚಿಕ್ಕಪ್ಪ ಬಾಯಿಂದ ತಟ್ಟೆ ಎಳೆದರು. ಬರಲಿಲ್ಲ. ಮೇಣ ಕಲ್ಲಾಗಿತ್ತು. ಎರಡೂ ಕೈಯಿಂದ ಹಿಡಿ ಹಿಡಿದು ಜಗ್ಗಿದರು, ತಲೆ ಮುಂದೆ ಬಂತೇ ಹೊರತು ತಟ್ಟೆ ಬರಲಿಲ್ಲ. ಗಾಜಿನಾಚೆ ಮಾವನ ತೋಳು ನಡುಗತೊಡಗಿತು. ನನಗೆ ನಗು ಬರುತ್ತಿತ್ತು, ಭಯವೂ ಆಗುತ್ತಿತ್ತು.

ಆಗ ಮಾವ ಗಾಜಿಗೇ ಹೇಳುವವರ ಹಾಗೆ ಬಾಯಿ ತೆರೆದರು.

"ಆವತ್ತು ನೀವು ಹೇಳಿದ್ದು ನಂಗೆ ಸರಿಯಾಗೇ ಅರ್ಥ ಆಗಿತ್ತು. ಕೈ ಸೋತು ಜಾರಿಹೋಯ್ತು. ಮುದುಕ ಆದೆ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಯ್ತು. ನಿಮ್ಮ ಮಾತು ಸಿಕ್ತು, ಅದರ ತಲೆಗೆ ಕಟ್ಟಿದೆ."

ಚಿಕ್ಕಪ್ಪ ಹಿಡಿ ಜಗ್ಗುವುದನ್ನು ನಿಲ್ಲಿಸಿದರು. ಗಾಜಿನ ಆಚೆ ನಡುಗುತ್ತಿದ್ದ ಕೈಗಳನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಟ್ಟೆ ಕಚ್ಚಿಕೊಂಡೇ ಏನೋ ಹೇಳಿದರು. ನಮಗೆ ಕೇಳಿಸಿದ್ದು 'ಹೋಹ್ಹಿ ಹಿಹಿ ಹಾಹಾ' ಎಂದಷ್ಟೇ.

ಏನಂದರು ಎಂದು ಚಿಕ್ಕಮ್ಮ ಕೇಳಿದಳು.

"ಹೋಗ್ಲಿ ಬಿಡಿ ಭಾವ ಅಂದ್ರು" ಎಂದು ಮಾವ ಹೇಳಿ, ಕಣ್ಣು ಒರೆಸಿಕೊಳ್ಳಲು ಎರಡೂ ಕೈ ಬಿಟ್ಟರು. ಗಾಜು ಕದಲಲಿಲ್ಲ.